ಇಂಗ್ಲಿಷ್ ಪದಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುವುದು ಹೇಗೆ? (ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ)

ಪುಸ್ತಕದ ಮೂಲೆ ಕೇಳಿದ್ದು:

ಬದಿಯಡ್ಕ ಹತ್ತಿರದ ಒಂದು ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ, ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪದಗಳ ಹಾಳೆ ಕೊಡುವ ಕ್ರಮ ಉಂಟು. ವಾರಕ್ಕೊಂದು ಹಾಳೆ, ಹಾಳೆಗೆ 40 ಪದ. ನಾಲ್ಕು ಕಾಲಮ್ಮು: ಪದ, ಕನ್ನಡ ಲಿಪಿಯಲ್ಲಿ ಉಚ್ಚಾರ, ಅರ್ಥ, ಒಂದು ವಾಕ್ಯ. ಮಕ್ಕಳ ಮನೆಮಾತು ಒಂದೇ ಅಲ್ಲ. ತುಳು, ಹವ್ಯಕ ಕನ್ನಡ, ಬ್ಯಾರಿ, ಮರಾಟಿ ಎಲ್ಲ ಉಂಟು, ಮಲಯಾಳ ಎಲ್ಲರಿಗೂ ಬರುತ್ತದೆ.

ತೊಡಕು ಎರಡನೇ ಕಾಲಮ್ಮಿನಲ್ಲಿ. 'ಕ್ಯಾಟ್' ಅಂತ ಬರೆದರೆ 'ಕ್ಯಾಮೆ' ಅನ್ನುವಾಗಿನ ಹಾಗೆ ಯಕಾರ ಒತ್ತಿ ಓದುತ್ತಾರೆ. ದ್ರಾಕ್ಷಿ ಬಳ್ಳಿಯ 'ವೈನ್', ಕುಡಿಯುವ 'ವೈನ್' ಎರಡನ್ನೂ ಒಂದೇ ಥರ ಬರೆಯಬೇಕಾಗುತ್ತದೆ. ಎರಡು ಗೈಡು ನೋಡಿದರೆ ಎರಡು ಉಚ್ಚಾರ. ಇನ್ನು ನಾಲ್ಕನೇ ಕಾಲಮ್ಮು: ಅರ್ಥ ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಸ್ವಂತ ವಾಕ್ಯ ಮಾಡಲು ಹೇಳಿದರೆ 'ಐ ಆ್ಯಮ್ ರೀಡಿಂಗ್ ಇನ್ ನೈನ್ತ್' ಅಂತ ಬರೆಯುತ್ತಾರೆ. ನಿಘಂಟಿನ ಉಚ್ಚಾರ ಚಿಹ್ನೆಗಳನ್ನು ಈಗಲೇ ಕಲಿಸುವಷ್ಟು ಸಮಯ ಇಲ್ಲ. ಕನ್ನಡ ಲಿಪಿಯಲ್ಲೇ ಸರಿಯಾದ ಗುರುತು ಮಾಡಿಕೊಳ್ಳಲು ದಾರಿ ಉಂಟೋ?


ಧ್ವನಿಗುರುತು ಬರೆದದ್ದು:

ಉಂಟು. ಗೈಡುಗಳು ಸ್ಪೆಲಿಂಗ್ ನೋಡಿ ಉಚ್ಚಾರ ಬರೆಯುತ್ತವೆ, ಕಿವಿಗೆ ಬಿದ್ದದ್ದನ್ನು ಬರೆಯುವುದಿಲ್ಲ. ಎರಡು ಗೈಡಿನಲ್ಲಿ ಎರಡು ಥರ ಸಿಗುವುದು ಅದಕ್ಕೇ. 'ಸಬ್ಟಲ್', 'ರಿಸಿಪ್ಟ್', 'ಮಾರ್ಟ್‌ಗೇಜ್' ಮೂರೂ ತಪ್ಪು. ಸರಿಯಾದದ್ದು ಸಟ್-ಲ್, ರಿ-ಸೀಟ್, ಮಾರ್-ಗಿಜ್. ಹಾಳೆ ತಯಾರಿಸುವವರು ಪ್ರತಿ ಪದವನ್ನೂ ನಿಘಂಟಿನ ಆ್ಯಪಿನಲ್ಲಿ ಒಮ್ಮೆ ಕೇಳಿ, ಆಮೇಲೆ ಸ್ಪೆಲಿಂಗ್ ಕಡೆ ನೋಡದೆ ಬರೆಯಬೇಕು.

ಗುರುತಿನ ವಿಷಯಕ್ಕೆ ಮೂರು ನಿಯಮ ಸಾಕು.

ಮೊದಲನೆಯದು ಚುಕ್ಕಿ. ಫ಼, ಜ಼ ಬರೆಯುವಾಗ ಅಕ್ಷರದ ಕೆಳಗೆ ಹಾಕುವ ನುಕ್ತಾವನ್ನೇ ಇನ್ನೂ ಮೂರು ಅಕ್ಷರಕ್ಕೆ ಹಾಕಿ: ವ಼, ಥ಼, ದ಼. ಮಕ್ಕಳಿಗೆ ಹೇಳುವ ಸೂತ್ರ ಒಂದೇ, ಚುಕ್ಕಿ ಇದ್ದರೆ ಗಾಳಿ ಉಜ್ಜಿಕೊಂಡು ಬರಬೇಕು. ಪರೀಕ್ಷೆಯೂ ಸುಲಭ: ಆ ಶಬ್ದವನ್ನು ಐದು ಸೆಕೆಂಡು ಎಳೆಯಲು ಆಗಬೇಕು. ಕನ್ನಡದ ಜ ಎಳೆಯಲು ಆಗುವುದಿಲ್ಲ, 'ಜೂ' ಅಂದರೆ ಉದ್ದವಾಗುವುದು ಊಕಾರ ಮಾತ್ರ. ಜ಼ ದುಂಬಿಯ ಹಾಗೆ ಎಷ್ಟು ಹೊತ್ತು ಬೇಕಾದರೂ ಹೋಗುತ್ತದೆ. ಫ಼ ಮತ್ತು ವ಼ ಎರಡಕ್ಕೂ ಮೇಲಿನ ಹಲ್ಲು ಕೆಳತುಟಿಯ ಒಳಬದಿಗೆ ಮೆಲ್ಲ ತಾಗಬೇಕು. ಫ಼ಗೆ ಗಂಟಲು ನಡುಗುವುದಿಲ್ಲ, ವ಼ಗೆ ನಡುಗುತ್ತದೆ. ಚುಕ್ಕಿ ಇಲ್ಲದ ವ ಅಂದರೆ ಡಬ್ಲ್ಯೂ: ಹಲ್ಲು ತಾಗಲೇಬಾರದು, ಸೀಟಿ ಹೊಡೆಯುವವರ ಹಾಗೆ ತುಟಿ ಗೋಲ ಮಾಡಿ ಬಿಡುವುದು. ಹೀಗೆ ಬರೆದರೆ ಬಳ್ಳಿ ವ಼ೈನ್, ಪಾನೀಯ ವೈನ್. ಪಶುವೈದ್ಯ ವ಼ೆಟ್, ಒದ್ದೆ ವೆಟ್. 'ಥ಼ಿಂಕ್', 'ದ಼ಿಸ್' ಹೇಳುವಾಗ ನಾಲಗೆಯ ತುದಿ ಎರಡು ಸಾಲು ಹಲ್ಲಿನ ನಡುವೆ ಒಂಚೂರು ಕಾಣಬೇಕು. ಒಂದು ಸಣ್ಣ ಕನ್ನಡಿ ಇಟ್ಟುಕೊಂಡರೆ ಹತ್ತು ನಿಮಿಷದ ಕೆಲಸ.

ಎರಡನೆಯದು ಗೆರೆ. ಇಂಗ್ಲಿಷಿನಲ್ಲಿ ಪದದ ಒಂದು ತುಂಡನ್ನು ಗಟ್ಟಿಯಾಗಿ, ಸ್ವಲ್ಪ ಉದ್ದವಾಗಿ ಹೇಳುತ್ತಾರೆ. ನಮ್ಮ ಭಾಷೆಗಳಲ್ಲಿ ಅದರಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ಮಕ್ಕಳ ಗಮನಕ್ಕೇ ಬರುವುದಿಲ್ಲ. ಗಟ್ಟಿ ತುಂಡಿನ ಮುಂದೆ ನೆಟ್ಟಗೆ ಒಂದು ಗೆರೆ ಹಾಕಿ. |ಪ್ರೆ-ಜ಼ಂಟ್ ಅಂದರೆ ಉಡುಗೊರೆ, ಅಥವಾ ಹಾಜರಿರುವ. ಪ್ರಿ-|ಜ಼ೆಂಟ್ ಅಂದರೆ ಕೊಡು, ಎದುರಿಗಿಡು. ಹಾಗೆಯೇ |ರೆ-ಕಾರ್ಡ್ ದಾಖಲೆ, ರಿ-|ಕಾರ್ಡ್ ದಾಖಲಿಸು. |ಆಬ್-ಜೆಕ್ಟ್ ವಸ್ತು, ಅಬ್-|ಜೆಕ್ಟ್ ಆಕ್ಷೇಪಿಸು. |ಪರ್-ಮಿಟ್ ಪರವಾನಗಿ, ಪರ್-|ಮಿಟ್ ಅನುಮತಿಸು. ಗಮನಿಸಿ: ಗೆರೆ ಹಿಂದೆ ಮುಂದೆ ಹೋದಾಗ ಸ್ವರವೂ ಬದಲಾಗುತ್ತದೆ. ಅದಕ್ಕಾಗಿಯೇ ಇಂಥ ಪದಗಳಿಗೆ ಹಾಳೆಯಲ್ಲಿ ಎರಡು ಸಾಲು ಕೊಡಬೇಕು, ಒಂದೇ ಸಾಲಿನಲ್ಲಿ ಎರಡು ಅರ್ಥ ತುರುಕಬಾರದು.

ಗೆರೆ ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಎಲ್ಲ ಕಡೆ ನಿಯಮ ಇಲ್ಲ. ಕೆಲವು ಬಾಲಗಳಿಗೆ ಉಂಟು. '-ಶನ್', '-ಇಕ್', '-ಇಟಿ' ಅಂತ ಮುಗಿಯುವ ಪದಗಳಲ್ಲಿ ಬಾಲದ ಹಿಂದಿನ ತುಂಡೇ ಗಟ್ಟಿ: ಎಜು-|ಕೇ-ಶನ್, ಎಕ-|ನಾ-ಮಿಕ್, ಇಲೆಕ್-|ಟ್ರಿ-ಸಿಟಿ. ತಪ್ಪಿಸಿಕೊಂಡವೂ ಇವೆ, |ಪಾ-ಲಿ-ಟಿಕ್ಸ್ ಅಂಥದ್ದು. '-ಏಟ್' ಸ್ಪೆಲಿಂಗಿನ ಹಲವು ಪದಗಳಲ್ಲಿ ಇನ್ನೊಂದು ಚಂದ ಉಂಟು: ನಾಮಪದ, ಗುಣವಾಚಕವಾದರೆ ಕೊನೆ ಕುಗ್ಗಿ 'ಅಟ್' ಆಗುತ್ತದೆ, ಕ್ರಿಯಾಪದವಾದರೆ 'ಏಟ್' ಪೂರ್ತಿ ಕೇಳುತ್ತದೆ. ವಕೀಲ |ಆ್ಯಡ್-ವ಼-ಕಟ್; ಒಂದು ವಿಚಾರದ ಪರ ವಾದಿಸು |ಆ್ಯಡ್-ವ಼-ಕೇಟ್. ಅಂದಾಜು |ಎಸ್-ಟಿ-ಮಟ್, ಅಂದಾಜಿಸು |ಎಸ್-ಟಿ-ಮೇಟ್. ಬೇರೆಯಾದ |ಸೆ-ಪ್ರಟ್, ಬೇರ್ಪಡಿಸು |ಸೆ-ಪ-ರೇಟ್.

ಮೂರನೆಯದು ಹೈಫನ್. ಒತ್ತಕ್ಷರ ಕಟ್ಟಬೇಡಿ, ತುಂಡು ಮಾಡಿ. ಸೇರಿಸಿ ಬರೆದ 'ಕಂಫರ್ಟೇಬಲ್' ಓದಿ ಮಕ್ಕಳು ನಾಲ್ಕು ತುಂಡು ಹೇಳುತ್ತಾರೆ. ಕೇಳುವುದು ಮೂರೇ: |ಕಮ್‌ಫ಼್-ಟ-ಬಲ್. ತರಕಾರಿ |ವ಼ೆಜ್-ಟ-ಬಲ್. ತದ್ವಿರುದ್ಧವಾಗಿ ಅಡುಗೆಯ ವಿಧಾನ ಹೇಳುವ |ರೆ-ಸಿ-ಪಿ ಮೂರು ತುಂಡು, ಅದನ್ನು 'ರೆಸೈಪ್' ಅಂತ ಎರಡು ಮಾಡುವವರೇ ಜಾಸ್ತಿ. ಉಚ್ಚಾರ ಅನ್ನುವ ಪದದ ಉಚ್ಚಾರವೇ ತಪ್ಪುವುದಂತೂ ಎಲ್ಲ ಕಡೆ ಇದ್ದದ್ದೇ: ಪ್ರ-ನನ್-ಸಿ-|ಏ-ಶನ್. ಕ್ರಿಯಾಪದದಲ್ಲಿ 'ನೌನ್ಸ್' ಇದೆ ಅಂತ ಇಲ್ಲಿ 'ನೌನ್' ಅನ್ನಬಾರದು, ಸ್ಪೆಲಿಂಗಿನಲ್ಲೂ ಆ ಎರಡನೇ ಓ ಬಿದ್ದುಹೋಗಿದೆ.

ಉಳಿದದ್ದು ನಿಮ್ಮ 'ಕ್ಯಾಟ್'. ಇದಕ್ಕೆ ತುಳುವಿನಲ್ಲೇ ಔಷಧಿ ಇದೆ. 'ಯಾನ್ ಬರ್ಪೆ', 'ಆಯೆ ಬರ್ಪೆ' ಎರಡನ್ನೂ ಬರೆಯುವುದು ಒಂದೇ ಥರ, ಹೇಳುವುದು ಬೇರೆ. 'ನಾನು ಬರುತ್ತೇನೆ' ಅನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, 'ಅವನು ಬರುತ್ತಾನೆ' ಅನ್ನುವಾಗ ಕಡಿಮೆ. ಆ ಅಗಲ ಎಕಾರವನ್ನು ಇನ್ನೊಂದಿಷ್ಟು ಅಗಲ ಮಾಡಿದರೆ 'ಕ್ಯಾಟ್', 'ಮ್ಯಾನ್', 'ಬ್ಯಾಡ್'ನ ಸ್ವರ. ಮುಚ್ಚಿದ ಎಕಾರ 'ಮೆನ್', 'ಬೆಡ್'ಗೆ ಹತ್ತಿರ. ಬರೆಯುವಾಗ ಈ ಸ್ವರದ ಯ ಒತ್ತಿನ ಕೆಳಗೆ ಅಡ್ಡಗೆರೆ ಎಳೆಯಿರಿ. ಅಡ್ಡಗೆರೆ ಇದ್ದರೆ ಯಕಾರ ಇಲ್ಲ, ಇಲ್ಲದಿದ್ದರೆ 'ಕ್ಯೂ' ಥರ ನಿಜವಾದ ಯಕಾರ.


ಚಂದ್ರಗಿರಿ ದಡ ಬರೆದದ್ದು:

ಮೇಲಿನವರ ಚುಕ್ಕಿಯ ಉಪಾಯ ಒಳ್ಳೆಯದು. ಅಡ್ಡಗೆರೆ, ನೆಟ್ಟಗೆರೆ, ಹೈಫನ್ ಎಲ್ಲ ಒಟ್ಟಿಗೆ ಮೊದಲ ವಾರವೇ ಬಂದರೆ ಮಕ್ಕಳಿಗೆ ಅದೇ ಒಂದು ಹೊಸ ಲಿಪಿ ಆದೀತು, ಮಾರಾಯ್ರೇ. ಚುಕ್ಕಿಯಿಂದ ಶುರು ಮಾಡಿ, ಎರಡು ವಾರ ಬಿಟ್ಟು ಗೆರೆ ತನ್ನಿ.

ಮತ್ತೆ, ಕಾಸರಗೋಡಿನಲ್ಲಿ ಇದ್ದುಕೊಂಡು ಬೋರ್ಡುಗಳನ್ನು ಬಿಡುವುದು ಎಂತಕ್ಕೆ? ಒಂದೇ ಇಂಗ್ಲಿಷ್ ಪದ ಕನ್ನಡದಲ್ಲಿ 'ಆಫೀಸ್', ಮಲಯಾಳದಲ್ಲಿ 'ಓಫೀಸ್'. 'ಡಾಕ್ಟರ್' ಅಲ್ಲಿ 'ಡೋಕ್ಟರ್', 'ಕಾಲೇಜು' ಅಲ್ಲಿ 'ಕೋಳೇಜ್'. ಯಾವುದು ಸರಿ ಅಂತ ಮಕ್ಕಳನ್ನೇ ಕೇಳಿ. ಎರಡೂ ಪೂರ್ತಿ ಸರಿಯಲ್ಲ. ಬ್ರಿಟಿಷ್ ಉಚ್ಚಾರದಲ್ಲಿ ಈ ಪದಗಳ ಮೊದಲ ಸ್ವರ 'ಆ' ಮತ್ತು 'ಒ' ನಡುವಿನದ್ದು, ಗಿಡ್ಡ. 'ಆ' ಹೇಳಲು ಬಾಯಿ ತೆರೆದು, ತುಟಿಯನ್ನು ಮಾತ್ರ ತುಸು ಗೋಲ ಮಾಡಿದರೆ ಬಂತು. 'ಬ್ಯಾಂಕ್' ಮಲಯಾಳದಲ್ಲಿ 'ಬಾಂಕ್' ಆಗುವುದೂ ಹೀಗೆಯೇ: ಅವರ ಲಿಪಿಯಲ್ಲೂ ನಮ್ಮಲ್ಲೂ ಇಂಗ್ಲಿಷಿನ ಈ ಸ್ವರಕ್ಕೆ ಅಕ್ಷರ ಇಲ್ಲ, ಅವರು 'ಆ' ಕಡೆ ದಾಟಿದರು, ನಾವು 'ಯಾ' ಕಡೆ.

ಮಲಯಾಳದಿಂದ ಸಿಗುವ ಒಂದು ದೊಡ್ಡ ಲಾಭ ಯಾರೂ ಹೇಳುವುದಿಲ್ಲ. ಇಂಗ್ಲಿಷಿನ ಟಿ ನಮ್ಮ ಟ ಅಲ್ಲ. ಕನ್ನಡದ ಟ ಹೇಳುವಾಗ ನಾಲಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ತುದಿ ಮೇಲಿನ ಹಲ್ಲಿನ ಹಿಂದಿನ ವಸಡಿನ ದಿಬ್ಬಕ್ಕೆ ತಾಗುತ್ತದೆ. ಮಲಯಾಳದಲ್ಲಿ ಗಾಳಿಗೆ 'ಕಾಟ್ಟ್', ಹಾಡಿಗೆ 'ಪಾಟ್ಟ್'. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಕಂಡರೂ ಅಲ್ಲಿ ಅಕ್ಷರವೂ ಬೇರೆ, ಶಬ್ದವೂ ಬೇರೆ. ಗಾಳಿಯ ಟಕಾರವೇ ಇಂಗ್ಲಿಷಿನದ್ದಕ್ಕೆ ಹತ್ತಿರ. ನಿಮ್ಮ ಮಕ್ಕಳ ಬಾಯಲ್ಲಿ ಅದು ಆಗಲೇ ಉಂಟು, ತೋರಿಸಿಕೊಟ್ಟರೆ ಸಾಕು.

ನಷ್ಟವೂ ಉಂಟು. ಮಲಯಾಳದ ಗಾಳಿ ತಾಗಿದ ಕಡೆ 'ಸಿಂಪ್ಲಿ' ಹೋಗಿ 'ಸಿಂಬ್ಲಿ', 'ಟೆಂಪಲ್' ಹೋಗಿ 'ಟೆಂಬಿಲ್' ಆಗುತ್ತದೆ, ಜ಼ ಹೋಗಿ ಸ ಆಗುತ್ತದೆ: 'ಬಿಸಿ' ಅಂದರೆ ಕೆಲಸದಲ್ಲಿರುವುದೋ, ಕಾಪಿ ಬಿಸಿಯೋ ಗೊತ್ತಾಗದು. ಕನ್ನಡದಿಂದ ಬರುವ ಚಾಳಿ ಬೇರೆ: ಎಕಾರದ ಮುಂದೆ ಯ, ಒಕಾರದ ಮುಂದೆ ವ. 'ಯೆಗ್', 'ಯೆವೆರಿ', 'ವೋನ್ಲಿ'. ಇದಕ್ಕೆ ಮದ್ದು: ಪದ ಹೇಳುವ ಮೊದಲು ಬಾಯಿಯನ್ನು ಆ ಸ್ವರದ ಆಕಾರಕ್ಕೆ ತಂದು ನಿಲ್ಲಿಸಿ, ಆಮೇಲೆ ಸ್ವರ ಹೊರಡಿಸುವುದು.

ಪದದ ಕೊನೆಗೆ ಬರುವ ಇ-ಡಿ, ಎಸ್ ಅಕ್ಷರಗಳ ಬಗ್ಗೆ ಹಾಳೆಯ ಹಿಂಬದಿಯಲ್ಲಿ ಒಮ್ಮೆ ಬರೆದುಬಿಡಿ, ಪ್ರತಿ ಪದಕ್ಕೂ ಬೇಡ. ಮೂಲಪದದ ಕೊನೆಗೆ ಟ್ ಅಥವಾ ಡ್ ಇದ್ದರೆ ಮಾತ್ರ ಇ-ಡಿ ಪ್ರತ್ಯೇಕ ತುಂಡು: ವಾಂಟಿಡ್, ನೀಡಿಡ್. ಗಂಟಲು ನಡುಗದ ಶಬ್ದದ ಮೇಲೆ ಬರೀ ಟ್: ವರ್ಕ್ಟ್, ವಾಶ್ಟ್, ಸ್ಟಾಪ್ಟ್. ನಡುಗುವುದರ ಮೇಲೆ ಡ್: ಕಾಲ್ಡ್, ಪ್ಲ್ಯಾನ್ಡ್. 'ವರ್ಕೆಡ್', 'ವಾಶೆಡ್' ಅನ್ನುವುದು ಸ್ಪೆಲಿಂಗ್ ಓದುವುದು. ವಿದ್ವಾಂಸ ಅನ್ನುವ ಅರ್ಥದ |ಲರ್-ನಿಡ್ ಥರದ ಕೆಲವು ಗುಣವಾಚಕಗಳು ಹೊರತು. ಎಸ್‌ಗೂ ಇದೇ ತರ್ಕ: ಕಪ್ಸ್, ಡಾಗ್‌ಜ಼್, ಬಸಿಜ಼್.


ಧ್ವನಿಗುರುತು:

ಗಾಳಿ-ಹಾಡಿನ ಉದಾಹರಣೆ ಹಾಳೆಗೇ ಸೇರಿಸಬೇಕಾದದ್ದು. ಒಂದು ಸೇರ್ಪಡೆ: ತುಳು, ಮಲಯಾಳ ಪದಗಳ ಕೊನೆಗೆ ಬರುವ ಅರ್ಧ ಉಕಾರ, ಮಲಯಾಳ ವ್ಯಾಕರಣದಲ್ಲಿ ಸಂವೃತೋಕಾರ ಅನ್ನುತ್ತಾರಲ್ಲ, ಅದನ್ನು ಹೇಳುವಷ್ಟೇ ಸೋಮಾರಿತನದಿಂದ ಇಂಗ್ಲಿಷಿನ ಕುಗ್ಗಿದ ಸ್ವರ ಹೇಳಬೇಕು. ಎರಡೂ ಒಂದೇ ಶಬ್ದ ಅಲ್ಲ. ಬಾಯಿ ಸಡಿಲ ಬಿಡುವ ಅಭ್ಯಾಸ ಮಾತ್ರ ಒಂದೇ. ನಿಘಂಟಿನಲ್ಲಿ ಇದಕ್ಕೆ ಇಂಗ್ಲಿಷಿನ ಸಣ್ಣ ಇ ಅಕ್ಷರವನ್ನು ತಲೆಕೆಳಗೆ ಮಾಡಿದ ಚಿಹ್ನೆ. ಬೇರೆ ಯಾವ ಚಿಹ್ನೆ ಕಲಿಸದಿದ್ದರೂ ಇದೊಂದನ್ನು ಕಲಿಸಿ. 'ಫೋಟೋ' ಬಳಗ ನೋಡಿದರೆ ಕಾರಣ ಗೊತ್ತಾಗುತ್ತದೆ: |ಫ಼ೋ-ಟ-ಗ್ರಾಫ಼್, ಫ಼-|ಟಾ-ಗ್ರ-ಫ಼ರ್, ಫ಼ೋ-ಟ-|ಗ್ರ್ಯಾ-ಫ಼ಿಕ್. ಗೆರೆ ಜಾರಿದಂತೆ ಸ್ವರಗಳು ಹಿಗ್ಗಿ ಕುಗ್ಗುತ್ತವೆ.


ಪದಕ್ಕೆ ಪದ ಬರೆದದ್ದು:

ಉಚ್ಚಾರದ ಬಗ್ಗೆ ಇಷ್ಟು ಸಾಕು ಅನ್ನಿಸುತ್ತದೆ, ನಾಲ್ಕನೇ ಕಾಲಮ್ಮಿಗೆ ಬರುತ್ತೇನೆ. 'ಐ ಆ್ಯಮ್ ರೀಡಿಂಗ್ ಇನ್ ನೈನ್ತ್' ಯಾಕೆ ಬರುತ್ತದೆ? ಕನ್ನಡದ 'ಓದು' ಪುಸ್ತಕಕ್ಕೂ ಆಗುತ್ತದೆ, ಕ್ಲಾಸಿಗೂ ಆಗುತ್ತದೆ. ಇಂಗ್ಲಿಷಿನಲ್ಲಿ ರೀಡ್ ಬೇರೆ, ಸ್ಟಡಿ ಬೇರೆ. ಅರ್ಥದ ಕಾಲಮ್ಮಿನಲ್ಲಿ ರೀಡ್ ಎದುರು ಬರೀ 'ಓದು' ಅಂತ ಬರೆದವರೇ ಈ ತಪ್ಪನ್ನು ಕಲಿಸಿಕೊಟ್ಟ ಹಾಗೆ. ಮಲಯಾಳದಲ್ಲಿ ವಾಯಿಕ್ಕುಕ, ಪಠಿಕ್ಕುಕ ಅಂತ ಎರಡಿದೆ. ನಿಮ್ಮ ಮಕ್ಕಳಿಗೆ ಹಾಗೆ ಹೇಳಿದರೆ ತಟ್ಟನೆ ಹೊಳೆಯುತ್ತದೆ.

ಇದಕ್ಕಿಂತ ದೊಡ್ಡ ಗೋಜಲು 'ಕೇಳು'. ಸದ್ದು ಕಿವಿಗೆ ಬಿದ್ದರೆ ಹಿಯರ್. ಗಮನವಿಟ್ಟು ಕೇಳಿದರೆ |ಲಿ-ಸನ್ (ಟಿ ಸದ್ದಿಲ್ಲ), ಅದರ ಬೆನ್ನಿಗೆ 'ಟು' ಕಡ್ಡಾಯ. ಪ್ರಶ್ನೆ ಕೇಳಿದರೆ ಆಸ್ಕ್. ವಸ್ತು ಬೇಕು ಅಂತ ಕೇಳಿದರೆ ಆಸ್ಕ್ ಫ಼ಾರ್. 'ಐ ಹರ್ಡ್ ಎ ನಾಯ್ಜ಼್', 'ಲಿಸನ್ ಟು ದ಼ ನ್ಯೂಜ಼್', 'ಶೀ ಆಸ್ಕ್ಟ್ ಮಿ ಎ ಕ್ವೆಸ್ಚನ್', 'ಹೀ ಆಸ್ಕ್ಟ್ ಫ಼ಾರ್ ವಾಟರ್'. ಇಲ್ಲೂ ಮಲಯಾಳದವರು ಕೇಳ್‌ಕ್ಕುಕ, ಚೋದಿಕ್ಕುಕ ಅಂತ ಬೇರೆ ಮಾಡಿಕೊಂಡಿದ್ದಾರೆ. 'ನೋಡು' ಕೂಡ ಹೀಗೆ ಮೂರಾಗಿ ಒಡೆಯುತ್ತದೆ: ಕಣ್ಣಿಗೆ ಬಿದ್ದರೆ ಸೀ, ಕಣ್ಣು ಹಾಯಿಸಿದರೆ ಲುಕ್ ಆ್ಯಟ್, ನಡೆಯುತ್ತಿರುವುದನ್ನು ನೋಡುತ್ತ ಕೂತರೆ ವಾಚ್. ಪೆನ್ನು ಎರವಲು ತೆಗೆದುಕೊಂಡರೆ |ಬಾ-ರೊ, ಎರವಲು ಕೊಟ್ಟರೆ ಲೆಂಡ್.

ಇನ್ನು ಪದದ ಜೊತೆ ಬರುವ ಸಣ್ಣ ಪದಗಳು. 'ಅದರ ಬಗ್ಗೆ ಚರ್ಚಿಸಿದೆವು' ಅನ್ನುವ ಕನ್ನಡವೇ 'ಡಿಸ್ಕಸ್ಟ್ ಅಬೌಟ್' ಬರೆಸುತ್ತದೆ. ಅಬೌಟ್ ಬೇಡ, 'ವಿ ಡಿಸ್ಕಸ್ಟ್ ದ಼ ಪ್ರಾಬ್ಲಮ್' ಅಷ್ಟೇ. 'ಜೊತೆ ಮದುವೆ' ಇಂದ 'ಮ್ಯಾರೀಡ್ ವಿತ್' ಬರುತ್ತದೆ, ಬೇಕಾದ್ದು 'ಟು'. 'ಎಕ್ಸ್‌ಪ್ಲೇನ್ ಮಿ' ಅಲ್ಲ, 'ಎಕ್ಸ್‌ಪ್ಲೇನ್ ಇಟ್ ಟು ಮಿ'. ಫ಼ರ್ನಿಚರ್, ಇಕ್ವಿಪ್‌ಮೆಂಟ್, ಲಗಿಜ್, ಇನ್‌ಫ಼ರ್‌ಮೇಶನ್ ಇವಕ್ಕೆ ಬಹುವಚನದ ಎಸ್ ಇಲ್ಲ. 'ಪಾಸ್ ಔಟ್' ಅಂದರೆ ನಮ್ಮಲ್ಲಿ ಕೋರ್ಸು ಮುಗಿಸುವುದು, ಹೊರಗಿನವರಿಗೆ ಪ್ರಜ್ಞೆ ತಪ್ಪುವುದು. 'ಡೌಟ್' ನಮ್ಮಲ್ಲಿ ಪ್ರಶ್ನೆ, ಅಲ್ಲಿ ಅಪನಂಬಿಕೆ. ಇವನ್ನು ತಪ್ಪು ಅಂತ ಬೈಯುವುದು ಬೇಡ, ಎದುರಿಗೆ 'ಇಲ್ಲಿ', 'ಹೊರಗೆ' ಅಂತ ಎರಡು ಅರ್ಥ ಬರೆಯಿರಿ.

ಉದಾಹರಣೆ ವಾಕ್ಯ ಒಳ್ಳೆಯದೋ ಅಲ್ಲವೋ ನೋಡಲು ಒಂದು ಪರೀಕ್ಷೆ. ಆ ಪದವನ್ನು ಬೆರಳಿನಿಂದ ಮುಚ್ಚಿ. ಉಳಿದ ವಾಕ್ಯಕ್ಕೆ ಬೇರೆ ಹತ್ತು ಪದ ಕೂತರೆ ವಾಕ್ಯ ಪ್ರಯೋಜನ ಇಲ್ಲ. 'ದ಼ಿಸ್ ಇಜ಼್ ಎ ರಿಸೀಟ್' ಮುಚ್ಚಿದರೆ ಆನೆಯೂ ಕೂರುತ್ತದೆ, ಕೊಡೆಯೂ ಕೂರುತ್ತದೆ. 'ಶೋ ದ಼ ರಿಸೀಟ್ ಇಫ಼್ ಯು ವಾಂಟ್ ಯುವರ್ ಮನಿ ಬ್ಯಾಕ್' ಅನ್ನುವುದಕ್ಕೆ ಬೇರೆ ಪದ ಅಷ್ಟು ಸುಲಭಕ್ಕೆ ಕೂರುವುದಿಲ್ಲ.

ವಾರಕ್ಕೆ 40 ಹೊಸ ಪದ ಜಾಸ್ತಿಯಾಯಿತು. 15 ಹೊಸದು, 15 ಹಳೆಯದು ಇಡಿ. ಹಳೆಯದರಲ್ಲಿ ಅರ್ಥದ ಕಾಲಮ್ಮು ಖಾಲಿ ಬಿಟ್ಟು ಅವರಿಂದಲೇ ತುಂಬಿಸಿ.


ಪುಸ್ತಕದ ಮೂಲೆ:

ಎಲ್ಲರಿಗೂ ವಂದನೆ. ಹೊಸ ಹಾಳೆಯ ಕೆಲವು ಸಾಲು ಹಾಕಿದ್ದೇನೆ, ತಪ್ಪಿದ್ದರೆ ಹೇಳಿ.

ಡಿ-ಇ-ಬಿ-ಟಿ: ಡೆಬ್ಟ್. ಸಾಲ. 'ಹೀ ಪೇಯ್ಡ್ ಆಫ಼್ ಆಲ್ ಹಿಜ಼್ ಡೆಬ್ಟ್ಸ್'.
ಬಿ-ಯು-ಆರ್-ವೈ: |ಬ-ರಿ. ಹೂಳು.
ಹೆಂಗಸರು: |ವು-ಮೆನ್.
ಎ-ಡಿ-ವಿ-ಐ-ಸಿ-ಇ: ಅಡ್-|ವ಼ೈಸ್. ಸಲಹೆ. 'ಶೀ ಗೇವ಼್ ಮಿ ಮೆನಿ ಅಡ್‌ವ಼ೈಸಸ್'.

ಮತ್ತೆ ಮಕ್ಕಳಿಗೆ ಹತ್ತಿರದ ಪದ ಇರಲಿ ಅಂತ ಅಡಿಕೆ, ತೆಂಗಿನ ನಾರು, ಕೊಬ್ಬರಿ ಹಾಕಬೇಕು ಅಂತ ಇದೆ. ಅವುಗಳ ಉಚ್ಚಾರ ಹೇಗೆ?


ಧ್ವನಿಗುರುತು:

ಮೊದಲನೆಯದರಲ್ಲಿ ಬಿ ಸದ್ದಿಲ್ಲ: ಡೆಟ್, ಡೆಟ್ಸ್. ಫ್ರೆಂಚಿನಿಂದ ಬಂದಾಗ ಈ ಪದಕ್ಕೆ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲ ದೇಬಿತುಮ್ ಅಂತ ತೋರಿಸಲು ವಿದ್ವಾಂಸರು ಆಮೇಲೆ ಸ್ಪೆಲಿಂಗಿಗೆ ತುರುಕಿದ್ದು, ಬಾಯಿ ಅದನ್ನು ಒಪ್ಪಲಿಲ್ಲ. ಡೌಟ್‌ನ ಬಿ, ರಿಸೀಟ್‌ನ ಪಿ ಇದೇ ಜಾತಿ. ಹೂಳುವುದು |ಬೆ-ರಿ, ಹಣ್ಣಿನ ಬೆರಿಯ ಹಾಗೆಯೇ. ಹೆಂಗಸರು |ವಿ-ಮಿನ್. ಏಕವಚನ |ವು-ಮನ್, ಸ್ಪೆಲಿಂಗಿನಲ್ಲಿ ಬದಲಾಗುವುದು ಎರಡನೇ ಸ್ವರ, ಕಿವಿಗೆ ಮುಖ್ಯವಾಗಿ ಬದಲಾಗುವುದು ಮೊದಲನೆಯದು.


ಪದಕ್ಕೆ ಪದ:

ಸಲಹೆಗೆ ಬಹುವಚನ ಇಲ್ಲ. 'ಶೀ ಗೇವ಼್ ಮಿ ಸಮ್ ಅಡ್‌ವ಼ೈಸ್', ಒಂದೇ ಅಂತ ಹೇಳಬೇಕಾದರೆ 'ಎ ಪೀಸ್ ಅವ಼್ ಅಡ್‌ವ಼ೈಸ್'. ಸಿ ಬದಲು ಎಸ್ ಇದ್ದರೆ ಅದು ಕ್ರಿಯಾಪದ, ಅಡ್-|ವ಼ೈಜ಼್. ನಿಮ್ಮ ಚುಕ್ಕಿ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ತೋಟದ ಪದಗಳು: ಅಡಿಕೆಯದ್ದು |ಆ್ಯ-ರಿ-ಕ ಅಥವಾ ಅ-|ರೀ-ಕ, ನಿಘಂಟುಗಳಲ್ಲಿ ಎರಡೂ ಉಂಟು, ಒಂದನ್ನು ಹಿಡಿದು ಅದನ್ನೇ ಬಳಸಿ. ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಿಗೆ ಸಿಕ್ಕಿ ಹೀಗಾದದ್ದು. ನಾರು |ಕಾಯ್-ಅರ್, ಮೂಲ ಕಯರ್. ಇದಕ್ಕೂ ಬಹುವಚನ ಇಲ್ಲ: 'ದ಼ಿಸ್ ಮ್ಯಾಟ್ ಇಜ಼್ ಮೇಡ್ ಅವ಼್ ಕಾಯರ್'. ಕೊಬ್ಬರಿ |ಕಾ-ಪ್ರ, ಒಣಗಿಸಿದ್ದಕ್ಕೆ ಮಾತ್ರ. ಹಸಿ ಕಾಯಿಯ ತಿರುಳಿಗೆ ಹೇಳಿದರೆ ತಪ್ಪು. ಹಲಸಿನ |ಜ್ಯಾಕ್-ಫ಼್ರೂಟ್‌ನಲ್ಲಿ ಇರುವುದು ಚಕ್ಕ, ತೇಗದ ಟೀಕ್‌ನಲ್ಲಿ ತೇಕ್ಕ್. ಹಾಳೆಯಲ್ಲಿ ಇವಕ್ಕೆ ಐದನೇ ಕಾಲಮ್ಮು ಮಾಡಿ ಮೂಲಪದ ಬರೆದುಬಿಡಿ, ಮಲಯಾಳ ಬರುವ ಮಕ್ಕಳೇ ತುಂಬಿಸಿಯಾರು.